ರವಿವರ್ಮನ ಲಕ್ಷ್ಮಿಗೆ ಉಡಿಸಿದ ಜರಿ ಸೀರೆ ಕಿಲುಬು ಹಿಡಿದಿದೆ, ಏನು ಮಾಡಲಿ?

ಹಳೇಮನೆ_ಅಟ್ಟ: ಅಜ್ಜಿಮನೆ ದೇವರಕೋಣೆಯ ಲಕ್ಷ್ಮಿ ಪಟ ನನ್ನ ಪಾಲಿಗೆ ಬಂದಿದೆ. ಪ್ರಿಂಟಿನ ಮುಖ, ಕೈ ಬಿಟ್ಟು ಉಳಿದ ಕಡೆಯೆಲ್ಲ ಬಟ್ಟೆ ಕತ್ತರಿಸಿ ಅಂಟಿಸಿದ್ದಾರೆ. ಕೆಂಪು ಮಖಮಲ್ ಸೀರೆ, ಜರಿ ಅಂಚು, ಚಮಕಿ, ಸೊಂಟಕ್ಕೆ ಮಣಿ. ಈಗ ಜರಿ ಹಸಿರಾಗಿದೆ, ಒಂದು ಮೂಲೆ ಗಾಜಿಗೆ ಅಂಟಿಕೊಂಡಿದೆ, ಹಿಂದಿನ ಹಲಗೆ ಹತ್ತಿರ ಸಿಲ್ವರ್‌ಫಿಶ್ ಓಡಾಡ್ತಿವೆ. ಅತ್ತೆ ಹುಣಸೆನೀರಲ್ಲಿ ಒರೆಸು ಅಂತಾರೆ. ಬಟ್ಟೆ ಕಿತ್ತು ಒಳಗಿನ 'ಅಸಲಿ' ಚಿತ್ರ ಮಾತ್ರ ಉಳಿಸಿದ್ರೆ ಬೆಲೆ ಜಾಸ್ತಿನಾ? ಅಮೆರಿಕದ ತಂಗಿಯೂ ಈ ಪಟ ತನಗೆ ಬೇಕು ಅಂತ ಕೇಳ್ತಿದ್ದಾಳೆ.

ಕಾಗದಹುಳು: ಕೀಳಬೇಡಿ! ಹೀಗೆ ಸೀರೆ ಉಡಿಸಿದ ಪಟಗಳನ್ನೇ ಹುಡುಕಿಕೊಂಡು ಬರೋ ಸಂಗ್ರಾಹಕರಿದ್ದಾರೆ. ಒಂದೇ ಪ್ರಿಂಟ್ ಸಾವಿರಾರು ಮನೆಗೆ ಹೋಗಿದೆ, ಈ ಸೀರೆ ಉಟ್ಟಿರೋದು ನಿಮ್ಮ ಲಕ್ಷ್ಮಿ ಮಾತ್ರ. ಕಿತ್ತರೆ ಮಖಮಲ್ ಜೊತೆ ಬಣ್ಣವೂ ಎದ್ದು ಬರುತ್ತೆ.

ಹುಣಸೆನೀರು ತಾಮ್ರದ ಚೊಂಬಿಗೆ ಸರಿ. ಇಲ್ಲಿ ಜರಿಯೊಳಗಿನ ತಾಮ್ರ ಕಿಲುಬು ಹಿಡಿದಿದೆ, ಅದರ ಮೇಲಿನ ಪದರ ತೀರಾ ತೆಳು. ಹುಳಿ ಬಿದ್ದರೆ ಅದೂ ಹೋಗುತ್ತೆ, ನೀರಿಗೆ ಸೀರೆಯ ಕೆಂಪು ಕಾಗದಕ್ಕೆ ಇಳಿಯುತ್ತೆ. ಗಾಜು ಬಿಡಿಸಿದ ಮೇಲೆ ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ, ಅದೂ ಬಟ್ಟೆ ಗಟ್ಟಿಯಾಗಿ ಅಂಟಿರೋ ಕಡೆ ಮಾತ್ರ.

ಗಾಜಿಗೆ ಅಂಟಿದ ಮೂಲೆ ಎಳೆಯಬೇಡಿ, ಬ್ಲೇಡ್ ಹಾಕಬೇಡಿ. ಪಟ ಮಲಗಿಸಿಡಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರೋ ಇಂಟಾಕ್ (ಪರಂಪರೆ ಉಳಿಸೋ ಸಂಸ್ಥೆ) ಸಂರಕ್ಷಣಾ ಕೇಂದ್ರದವರಿಗೆ ತೋರಿಸಿ. ಹುಳ ಬರೋದು ಗಂಜಿ ಅಂಟಿನ ರುಚಿಗೆ, ತೇವಕ್ಕೆ. ಹೊರಗೋಡೆಯಿಂದ, ದೀಪದ ಮಸಿಯಿಂದ ದೂರ ಇಡಿ. ಉದುರಿದ ಚಮಕಿ ಫೆವಿಕಾಲ್ ಹಾಕಿ ಅಂಟಿಸಬೇಡಿ, ಒಂದು ಪುಟ್ಟ ಕವರಲ್ಲಿ ಹಾಕಿಡಿ.

ಲೂಪ್_ಮಾಮ: ಬೆಲೆ ಬಗ್ಗೆ ನಾನು ಹೇಳ್ತೀನಿ. ಮೊದಲು ಲಕ್ಷ್ಮಿಯ ಕೆನ್ನೆಯನ್ನು ಹತ್ತು ಪಟ್ಟು ಭೂತಗನ್ನಡಿಯಲ್ಲಿ ನೋಡಿ. ಚುಕ್ಕೆಗಳು ಅಡ್ಡಾದಿಡ್ಡಿ ಇದ್ದರೆ ಕಲ್ಲಚ್ಚಿನ ಓಲಿಯೋಗ್ರಾಫ್, ಅಂದರೆ ತೈಲಚಿತ್ರದ ಹಾಗೆ ಕಾಣೋ ಹಳೇ ಬಣ್ಣದ ಪ್ರಿಂಟ್. ಸಾಲಾಗಿ, ಹೂವಿನ ಹಾಗೆ ಜೋಡಿಸಿದಂತಿದ್ದರೆ ಆಮೇಲಿನ ಆಫ್‌ಸೆಟ್ ಮುದ್ರಣ. ರವಿವರ್ಮನ ಪ್ರೆಸ್ ಶುರುವಾಗಿದ್ದು 1894ರಲ್ಲಿ ಮುಂಬೈಯಲ್ಲಿ, ಆಮೇಲೆ ಲೋಣಾವಳ ಹತ್ತಿರ ಹೋಯ್ತು. ಹಾಗಾಗಿ ಕೆಳಗೆ 'ಕಾರ್ಲಾ-ಲೋಣಾವಳ' ಅಂತಿದ್ದರೆ ಮುಂಬೈ ಕಾಲದ್ದಲ್ಲ. ಹೆಸರು ನೋಡಿ ಕುಣೀಬೇಡಿ, ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ವರ್ಷಗಟ್ಟಲೆ ಅಚ್ಚಾಗಿವೆ. ಸುಮ್ನೆ ಫೋಟೋ ನೋಡಿ ಇಷ್ಟೇ ಬೆಲೆ ಅನ್ನೋರನ್ನು ನಂಬಬೇಡಿ.

ತಂಗಿಗೆ ಹೇಳಿ: ನೂರು ವರ್ಷ ದಾಟಿದ ಕಲಾಕೃತಿ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಹಾಗೇ ಸೂಟ್‌ಕೇಸಲ್ಲಿ ಹಾಕಿಕೊಂಡು ಹೋಗೋ ಹಾಗಿಲ್ಲ.

ಹಳೇಮನೆ_ಅಟ್ಟ: ನೋಡಿದೆ, ಚುಕ್ಕೆ ಅಡ್ಡಾದಿಡ್ಡಿಯೇ. ಕೆಳಗಿನ ಅಂಚನ್ನು ಮಾತ್ರ ಕಟ್ಟು ಹಾಕಿದವರು ಕತ್ತರಿಸಿಬಿಟ್ಟಿದ್ದಾರೆ, ಅಕ್ಷರವೇ ಇಲ್ಲ. ಇನ್ನೊಂದು ವಿಷಯ. ಸೀರೆಯ ಒಂದು ನೆರಿಗೆ ತಾನಾಗಿಯೇ ಎದ್ದಿತ್ತು, ಟಾರ್ಚ್ ಬಿಟ್ಟು ನೋಡಿದರೆ ಬೆಳಕು ತಾಗದ ಒಳಗಡೆ ಬಣ್ಣ ಕೆಂಪಲ್ಲ, ಗಾಢ ನೇರಳೆ! ಅತ್ತೆ ಹುಣಸೆಹಣ್ಣನ್ನು ವಾಪಸ್ ಡಬ್ಬಿಗೆ ಹಾಕಿದ್ದಾರೆ. ಬಸ್ಸಲ್ಲಿ ಬೆಂಗಳೂರಿಗೆ ಒಯ್ಯುವಾಗ ಗಾಜು ಅಲುಗದ ಹಾಗೆ ಹೇಗೆ ಕಟ್ಟೋದು?

ಕಾಗದಹುಳು: ಎರಡು ಗಟ್ಟಿ ರಟ್ಟಿನ ನಡುವೆ ಇಡಿ, ಗಾಜು ಮೇಲೆ ಬರಲಿ. ತೊಡೆ ಮೇಲೆ ಮಲಗಿಸಿಕೊಂಡೇ ಹೋಗಿ, ಡಿಕ್ಕಿಗೆ ಹಾಕಬೇಡಿ.