ಕೆಂಪುಕಲ್ಲಿನ ಹಂಚಿನ ಮನೆಗೆ ವೈಫೈ ಕ್ಯಾಮೆರಾ ಸಾಕಾ, ವೈರ್ ಎಳೆಸಬೇಕಾ?

ಕಾಪು_ಮನೆ:
ಕಾಪು ಹತ್ತಿರ, ಕಡಲಿಂದ ಒಂದು ಕಿಲೋಮೀಟರಿನೊಳಗೆ ಅಪ್ಪ-ಅಮ್ಮ ಇಬ್ಬರೇ ಇರುವ ಮನೆ. ದಪ್ಪ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಗೇಟು, ಅಂಗಳ, ಹಿಂದಿನ ಬಾವಿಕಟ್ಟೆ, ಮತ್ತೆ ತೋಟದಲ್ಲಿ 60 ಮೀಟರ್ ದೂರದ ಪಂಪ್ ಶೆಡ್ಡು, ಒಟ್ಟು ನಾಲ್ಕು ಕ್ಯಾಮೆರಾ ಬೇಕು. ಚಾವಡಿಯಲ್ಲಿ ಫೈಬರ್ ರೂಟರ್ ಉಂಟು, ಇನ್ವರ್ಟರ್ ಉಂಟು. ಒಬ್ಬರು ವೈಫೈ ಸಾಕು ಅಂತಾರೆ, ಇನ್ನೊಬ್ಬರು ವೈರ್ ಎಳೆದು ಪಿಒಇ ಹಾಕಿಸಿ ಅಂತಾರೆ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ನಡೀಬೇಕು. ಏನು ಮಾಡುವುದು?

ಕೇಬಲ್_ಕೆಲಸ:
ವೈಫೈ ಕ್ಯಾಮೆರಾಕ್ಕೂ ಕರೆಂಟಿನ ವೈರ್ ಬೇಕಾಗ್ತದೆ, ಮಾರಾಯ್ರೆ. ಗೇಟಿನ ತನಕ ಹೇಗೂ ವೈರ್ ಹೋಗುವುದಾದರೆ ಒಂದು ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿ. ಪಿಒಇಯಲ್ಲಿ ಕರೆಂಟೂ ವಿಡಿಯೋವೂ ಅದರಲ್ಲೇ ಹೋಗ್ತದೆ, 100 ಮೀಟರ್ ತನಕ ತೊಂದರೆ ಇಲ್ಲ. ಬ್ಯಾಟರಿಯ ಕ್ಯಾಮೆರಾ ಹೆಚ್ಚಿನವು ಯಾರಾದರೂ ಓಡಾಡಿದ ಮೇಲೆ ಎಚ್ಚರವಾಗುವಂಥವು, ಅಷ್ಟರಲ್ಲಿ ಒಳಗೆ ಬಂದವನ ಬೆನ್ನು ಮಾತ್ರ ಸಿಗ್ತದೆ. ಸೋಲಾರಿನದ್ದು ಆಟಿ ತಿಂಗಳ ಮಳೆಮೋಡದಲ್ಲಿ ಸರಿಯಾಗಿ ಚಾರ್ಜ್ ಆಗುವುದಿಲ್ಲ.

ಆದರೂ ವೈಫೈಯೇ ಬೇಕೆಂದಿದ್ದರೆ, ಕ್ಯಾಮೆರಾ ಕೂರುವ ಜಾಗದಲ್ಲಿ ಫೋನ್ ಹಿಡಿದು, ಮನೆಯ ಬಾಗಿಲು ಮುಚ್ಚಿಸಿ, ವೈಫೈ ಅನಲೈಸರ್ ಆಪಿನಲ್ಲಿ 2.4 ಗಿಗಾಹರ್ಟ್ಸ್ ಸಿಗ್ನಲ್ ನೋಡಿ. ಮೈನಸ್ 65 ಡಿಬಿಎಂ ಇದ್ದರೆ ನಡೀತದೆ. ಮೈನಸ್ 75ಕ್ಕೆ ಇಳಿದರೆ ಕಡಿದು ಕಡಿದು ಬರ್ತದೆ.

ಎನ್‌ವಿಆರ್ (ರೆಕಾರ್ಡಿಂಗ್ ಮಾಡುವ ಪೆಟ್ಟಿಗೆ), ರೂಟರ್, ಕ್ಯಾಮೆರಾ ಎಲ್ಲ ಸೇರಿ 50 ವ್ಯಾಟ್ ಆಸುಪಾಸು, ಮಾಮೂಲಿ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಇನ್ವರ್ಟರ್ ಲೈನಿಗೆ ಕೊಟ್ಟು ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿಡಿ. ಇಲ್ಲದಿದ್ದರೆ ಕರೆಂಟ್ ಹೋಗುವಾಗೆಲ್ಲ ಎನ್‌ವಿಆರ್ ರೀಸ್ಟಾರ್ಟ್ ಆಗಬಹುದು, ಅದು ಹಾರ್ಡ್ ಡಿಸ್ಕಿಗೆ ಒಳ್ಳೆಯದಲ್ಲ.

ಸಿಡಿಲು_ಜಾಗ್ರತೆ:
ಮನೆಗೆ ಅಂಟಿದ್ದಕ್ಕೆಲ್ಲ ಪಿಒಇ ಸರಿ. ಪಂಪ್ ಶೆಡ್ಡಿಗೆ ಮಾತ್ರ ತಾಮ್ರದ ಕೇಬಲ್ ಖಂಡಿತ ಬೇಡ. ಎರಡು ಕಡೆಯ ಅರ್ತಿಂಗ್ ಬೇರೆ ಬೇರೆ. ಹತ್ತಿರದಲ್ಲಿ ಸಿಡಿಲು ಬಡಿದರೆ ಎರಡರ ನಡುವೆ ಏಳುವ ವೋಲ್ಟೇಜ್ ಆ ಕೇಬಲ್ ಹಿಡಿದು ಬಂದು ಎನ್‌ವಿಆರ್ ಪೋರ್ಟನ್ನೇ ಸುಡಬಹುದು. ಅಲ್ಲಿಗೆ 5 ಗಿಗಾಹರ್ಟ್ಸಿನ ವೈರ್‌ಲೆಸ್ ಬ್ರಿಜ್ (ಎದುರುಬದುರು ಕೂರುವ ಎರಡು ಆಂಟೆನಾ) ಹಾಕಿ, ಇಲ್ಲವೇ ಒಳಗೆ ಲೋಹದ ತಂತಿ ಇಲ್ಲದ ಫೈಬರ್ ಎಳೆದು ಎರಡೂ ತುದಿಗೆ ಫೈಬರನ್ನು ನೆಟ್‌ವರ್ಕ್ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಇಡಿ. ಬ್ರಿಜ್ ಹಾಕಿದರೆ ನಡುವೆ ತೆಂಗಿನ ಗರಿ ಅಡ್ಡ ಬರಬಾರದು. ಇನ್ವರ್ಟರ್ ಲೈನ್ ಶೆಡ್ಡಿಗೆ ಮುಟ್ಟುವುದಿಲ್ಲ, ಅಲ್ಲಿಗೊಂದು ಚಿಕ್ಕ ಡಿಸಿ ಯುಪಿಎಸ್ (ಬ್ಯಾಟರಿ ಪೆಟ್ಟಿಗೆ) ಬೇಕು.

ಕೇಬಲ್ ಪೂರ್ತಿ ತಾಮ್ರದ್ದೇ ತನ್ನಿ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದರಲ್ಲಿ ಉದ್ದ ಹೆಚ್ಚಾದ ಹಾಗೆ ವೋಲ್ಟೇಜ್ ಜಾಸ್ತಿ ಇಳೀತದೆ. ಹಗಲು ಸರಿಯಿದ್ದ ಕ್ಯಾಮೆರಾ ರಾತ್ರಿ ಐಆರ್ ಲೈಟ್ (ಕತ್ತಲಲ್ಲಿ ಕಾಣಲು ಕ್ಯಾಮೆರಾ ಹೊತ್ತಿಸುವ ಇನ್‌ಫ್ರಾರೆಡ್ ಬೆಳಕು) ಹೊತ್ತಿದ ಕೂಡಲೇ ಆಫ್ ಆಗುವುದು ಎಷ್ಟೋ ಸಲ ಇದರಿಂದಲೇ.

ಉಪ್ಪುಗಾಳಿ:
ಕಡಲ ಹತ್ತಿರ ಮೊದಲು ಕೆಡುವುದು ಕ್ಯಾಮೆರಾದ ಬಾಲದಲ್ಲಿರುವ ಆರ್‌ಜೆ-45 ಜಾಯಿಂಟ್, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ. ಬಾಕ್ಸಿನೊಳಗೆ ನೀರು ತಡೆಯುವ ಪ್ಲಾಸ್ಟಿಕ್ ಕ್ಯಾಪು, ರಬ್ಬರ್ ರಿಂಗು ಇರ್ತದೆ. ಎಷ್ಟೋ ಕೆಲಸದವರು ಅದನ್ನು ಬಿಟ್ಟು ಇನ್ಸುಲೇಷನ್ ಟೇಪ್ ಸುತ್ತಿ ಹೋಗ್ತಾರೆ. ಟೇಪಿನೊಳಗೆ ಉಪ್ಪಿನ ಪಸೆ ನಿಂತು, 48 ವೋಲ್ಟ್ ಹರಿಯುವ ಪಿನ್ನು ಹಸಿರುಗಟ್ಟಿ ತಿಂದುಹೋಗ್ತದೆ. ಕ್ಯಾಪನ್ನು ಎದುರು ನಿಂತು ಹಾಕಿಸಿ, ಪಿನ್ನಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿಸಿ, ಜಾಯಿಂಟನ್ನು ಜಂಕ್ಷನ್ ಬಾಕ್ಸಿನೊಳಗೆ ಇಡಿಸಿ. ಬಾಕ್ಸಿನ ಮೇಲ್ಗಡೆಗೆ, ಎರಡು ಬದಿಗೆ ಸಿಲಿಕೋನ್ ಹಾಕಿ, ಅಡಿಭಾಗ ಬಿಡಿ, ಒಳಗೆ ಬೆವರಿದ ನೀರು ಇಳಿದುಹೋಗಲಿ. ಕೇಬಲ್ ಕೆಳಗೆ ಬಳುಕಿ ಮೇಲಕ್ಕೇರಿ ಒಳಹೋಗಬೇಕು, ಆಗ ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದ್ದು, 316 ಗ್ರೇಡ್ ಸಿಕ್ಕಿದರೆ ಒಳ್ಳೆಯದು. ಕೆಂಪುಕಲ್ಲಿಗೆ ಹ್ಯಾಮರ್ ಮೋಡಿನಲ್ಲಿ ಡ್ರಿಲ್ ಮಾಡಿದರೆ ತೂತು ಪುಡಿಯಾಗಿ ಪ್ಲಗ್ ನಿಲ್ಲುವುದಿಲ್ಲ. ಮಾಡಿನ ಮರದ ಪಕ್ಕಾಸಿಗೆ ಕೂರಿಸುವುದೇ ಗಟ್ಟಿ. ಆದರೆ ತೀರಾ ಮಾಡಿನಡಿಗೆ ಒತ್ತಿ ಕೂರಿಸಿದರೆ ಐಆರ್ ಬೆಳಕು ಹಂಚಿಗೆ ಬಡಿದು ರಾತ್ರಿ ಚಿತ್ರ ಬೆಳ್ಳಗಾಗ್ತದೆ. ಜೇಡರಬಲೆ ಕಟ್ಟಿದರೂ ಅದೇ ಕಥೆ. ಅಮ್ಮನ ಕೈಗೆ ಕಸಬರಿಕೆ ಎಟುಕುವಷ್ಟು ಎತ್ತರದಲ್ಲಿಡಿ, 9 ಅಡಿ ಸಾಕು.

ಕಾಪು_ಮನೆ:
ಎಲ್ಲರಿಗೂ ಧನ್ಯವಾದ. 15 ದಿನದ ರೆಕಾರ್ಡಿಂಗ್ ಬೇಕಿದ್ದರೆ ಎಷ್ಟು ದೊಡ್ಡ ಡಿಸ್ಕ್?

ಕೇಬಲ್_ಕೆಲಸ:
ವಿಡಿಯೋವನ್ನು ಚಿಕ್ಕದು ಮಾಡಿ ಉಳಿಸುವ ಎಚ್.265 ಸೆಟ್ಟಿಂಗಿನಲ್ಲಿ ಕ್ಯಾಮೆರಾ ಒಂದಕ್ಕೆ 2 ಎಂಬಿಪಿಎಸ್ ಇಟ್ಟರೆ ದಿನಕ್ಕೆ ಸುಮಾರು 22 ಜಿಬಿ. ನಾಲ್ಕಕ್ಕೆ 15 ದಿನಕ್ಕೆ 1.3 ಟಿಬಿ, ಹಾಗಾಗಿ 2 ಟಿಬಿ ಸಾಕು. ಹಗಲು ರಾತ್ರಿ ರೆಕಾರ್ಡಿಂಗ್‌ಗೆಂದೇ ಮಾಡಿದ ಸರ್ವೆಲೆನ್ಸ್ ಡಿಸ್ಕೇ ಕೇಳಿ ತನ್ನಿ. ತಿಂಗಳಿಗೊಮ್ಮೆ ಫೋನಿನಲ್ಲಿ ಹಿಂದಿನ ವಾರದ ಪ್ಲೇಬ್ಯಾಕ್ ತೆಗೆದು ನೋಡಿ. ಡಿಸ್ಕ್ ಕೆಟ್ಟರೂ ಲೈವ್ ಬರ್ತಾ ಇರ್ತದೆ, ಗೊತ್ತೇ ಆಗುವುದಿಲ್ಲ.