3ರಿಂದ 5 ವರ್ಷದ ಮಕ್ಕಳೇ ಮಾಡಬಲ್ಲ ಪ್ರಾಣಿಗೊಂಬೆ ಯಾವುದು?

ಪ್ರಶ್ನೆ:
ನಾನು ಶಿಶುವಿಹಾರದಲ್ಲಿ ಕಲಿಸುತ್ತೇನೆ. ಕೈಗೆ ತೊಟ್ಟು ಆಡಿಸುವ ಪ್ರಾಣಿಗೊಂಬೆಗಳನ್ನು ಮಕ್ಕಳಿಂದಲೇ ಮಾಡಿಸಬೇಕೆಂಬ ಆಸೆಯಿದೆ. ಆದರೆ ನಾನು ನೋಡಿದ ಮಾದರಿಗಳಲ್ಲೆಲ್ಲ ಕತ್ತರಿಸುವುದು, ಹೊಲಿಯುವುದು, ಅಳತೆಗೆ ಸರಿಯಾಗಿ ಅಂಟಿಸುವುದು ದೊಡ್ಡವರ ಪಾಲಿಗೆ ಬಂದು, ಮಗುವಿಗೆ ಕೊನೆಯಲ್ಲಿ ಎರಡು ಕಣ್ಣು ಅಂಟಿಸುವ ಕೆಲಸವಷ್ಟೇ ಉಳಿಯುತ್ತದೆ. ಬಹುಪಾಲು ಮಗುವೇ ಮಾಡಿ, ಆಮೇಲೆ ಆಡಲೂ ಬರುವ ಗೊಂಬೆ ಯಾವುದು? ಯಾವ ವಸ್ತುಗಳನ್ನು ದೂರವಿಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1:
ಚಪ್ಪಟೆ ತಳವಿರುವ ಚಿಕ್ಕ ಕಾಗದದ ಚೀಲದಿಂದ ಆರಂಭಿಸಿ. ಚೀಲವನ್ನು ಬಿಚ್ಚದೆ ಮಡಿಕೆಯಲ್ಲೇ ಇಟ್ಟರೆ ಅದರ ತಳವು ಒಂದು ಬದಿಗೆ ಮಡಚಿಕೊಂಡಿರುತ್ತದೆ. ಆ ಮಡಚಿದ ಭಾಗವೇ ಪ್ರಾಣಿಯ ತಲೆ, ಅದರ ಅಂಚೇ ಮೇಲ್ದುಟಿ. ಮಗು ಚೀಲದೊಳಗೆ ಕೈಯಿಟ್ಟು ಬೆರಳುಗಳನ್ನು ಆ ಮಡಿಕೆಯೊಳಗೆ ಬಾಗಿಸಿ ಆಡಿಸಿದರೆ ಬಾಯಿ ತೆರೆದು ಮುಚ್ಚುತ್ತದೆ. ಏನನ್ನೂ ಅಂಟಿಸುವ ಮೊದಲೇ, ಬರಿಯ ಚೀಲವನ್ನು ಕೊಟ್ಟು ಮಾತನಾಡಿಸಲು ಬಿಡಿ. ಬಾಯಿ ಆಡುವುದನ್ನು ಕಂಡ ಮಗು ತನ್ನ ಕೈಯಲ್ಲಿರುವುದು ಯಾವ ಪ್ರಾಣಿಯೆಂದು ತಾನೇ ನಿರ್ಧರಿಸುತ್ತದೆ, ಮುಂದಿನ ಕೆಲಸಕ್ಕೆ ಬೇಕಾದ ಉತ್ಸಾಹವೂ ಅಲ್ಲಿಂದಲೇ ಬರುತ್ತದೆ.

ಯಾವ ಪ್ರಾಣಿ ಎಂಬುದನ್ನು ಹೆಚ್ಚಾಗಿ ಕಿವಿಗಳೇ ಹೇಳುತ್ತವೆ: ಉದ್ದವಾದರೆ ಮೊಲ, ದುಂಡಗಾದರೆ ಕರಡಿ, ಮೂರು ಮೂಲೆಯದಾದರೆ ಬೆಕ್ಕು. ಕಾಗದದ ಪಟ್ಟಿಯನ್ನು ಹಿಂದೆ ಮುಂದೆ ಮಡಚಿ ಅಂಟಿಸಿದರೆ ಆನೆಯ ಸೊಂಡಿಲಾಗುತ್ತದೆ. ಸಿಂಹದ ಕೇಸರಕ್ಕೆ ಕತ್ತರಿಯೇ ಬೇಡ, ಕಾಗದವನ್ನು ಹರಿದು ಅಂಟಿಸಲಿ. ಹರಿಯುವಾಗ ಎರಡೂ ಕೈಗಳ ಬೆರಳ ತುದಿಗಳಿಗೆ ಒಳ್ಳೆಯ ಕೆಲಸ ಸಿಗುತ್ತದೆ, ಅಂಚು ಸೊಟ್ಟಗಾದಷ್ಟೂ ಅದು ಕೂದಲಿನಂತೆ ಕಾಣುತ್ತದೆ.

ಉತ್ತರ 2:
ಮೇಲಿನ ಸಲಹೆ 4 ವರ್ಷ ದಾಟಿದವರಿಗೆ ಸೂಕ್ತ. 3 ವರ್ಷದ ಮಗು ಚೀಲವನ್ನು ಮುಷ್ಟಿಯಲ್ಲಿ ಹಿಡಿದು ಮುದುಡಿಬಿಡುವುದೇ ಹೆಚ್ಚು; ಅವರಿಗೆ ಕಡ್ಡಿಗೊಂಬೆ ಮೇಲು. ಮಗು ದಪ್ಪ ಕಾಗದದ ಮೇಲೆ ತನಗೆ ತೋಚಿದಂತೆ ಪ್ರಾಣಿಯನ್ನು ಬರೆದು ಬಣ್ಣ ಹಚ್ಚಲಿ. ನೀವು ಗೆರೆಯ ಮೇಲೆಯೇ ಕತ್ತರಿಸದೆ ಸುತ್ತ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ, ಹಿಂದೆ ಅಗಲವಾದ ಐಸ್‌ಕ್ರೀಮ್ ಕಡ್ಡಿಯನ್ನು ಟೇಪಿನಿಂದ ಅಂಟಿಸಿ. ಚೂಪು ತುದಿಯ ಕಡ್ಡಿ ಖಂಡಿತ ಬೇಡ.

ಗುಂಡಿ, ಮಣಿ, ಅಂಟಿಸುವ ಪ್ಲಾಸ್ಟಿಕ್ ಕಣ್ಣುಗಳನ್ನು ಈ ವಯಸ್ಸಿನವರ ಮುಂದೆ ಇಡಲೇಬೇಡಿ. 3 ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಒಳವ್ಯಾಸದ ಚಿಕ್ಕ ಕೊಳವೆಯೊಂದನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಇಳಿಯುವ ಯಾವುದೇ ಚೂರು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವುಳ್ಳದ್ದೆಂದು ಎಣಿಸಲಾಗುತ್ತದೆ. 4 ವರ್ಷದವರೂ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವುದುಂಟು. ಕ್ರೇಯಾನಿನಲ್ಲಿ ಬರೆದ ಕಣ್ಣು ಸಾಕು, ಅದು ಕಿತ್ತುಬರುವುದೂ ಇಲ್ಲ. ಸ್ಟೇಪ್ಲರ್ ಪಿನ್ನುಗಳ ಬದಲು ಟೇಪನ್ನೇ ಬಳಸಿ.

ಉತ್ತರ 3:
ಮುಗಿಸಿದ ಮಾದರಿಯೊಂದನ್ನು ಮುಂದಿಟ್ಟು ಕೆಲಸ ಆರಂಭಿಸಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಾದರಿ ಕಂಡ ಕೂಡಲೇ ಮಕ್ಕಳು ಅದನ್ನೇ ನಕಲು ಮಾಡಲು ಹೊರಟು, ಹಾಗೆ ಬರದಿದ್ದಾಗ "ನೀವೇ ಮಾಡಿಕೊಡಿ" ಎನ್ನುತ್ತಾರೆ. ನೀವು ಹೇಳಿದ ತೊಂದರೆಯ ಒಂದು ಬೇರು ಅಲ್ಲಿಯೂ ಇದೆ. ನೇರಳೆ ಬಣ್ಣದ ಆನೆ, ಮೂರು ಕಿವಿಯ ಬೆಕ್ಕು ಬಂದರೆ ತಿದ್ದದೆ, ಆ ಮೂರನೆಯ ಕಿವಿಯಿಂದ ಅದಕ್ಕೆ ಏನು ಕೇಳಿಸುತ್ತದೆ ಎಂದು ವಿಚಾರಿಸಿ.

ಗೊಂಬೆ ಸಿದ್ಧವಾದೊಡನೆ ಅವು ಒಂದನ್ನೊಂದು ಕಚ್ಚಲು ತೊಡಗುವುದು ಸಾಮಾನ್ಯ. ಆಗ ಗದರಿಸುವುದಕ್ಕಿಂತ, ನಿಮ್ಮ ಕೈಯಲ್ಲೂ ಒಂದು ಗೊಂಬೆಯಿದ್ದು ಅದು "ನಿನಗೆ ಹಸಿವಾಗಿದೆಯೇ? ಏನು ತಿನ್ನುತ್ತೀಯ?" ಎಂದು ಕೇಳಿದರೆ ಆಟ ಮಾತಿನ ಕಡೆಗೆ ತಿರುಗುತ್ತದೆ. ನಮ್ಮ ಮುಖ ನೋಡಿ ಮಾತನಾಡಲು ಹಿಂಜರಿಯುವ ಮಗು, ತನ್ನ ಮೊಲದ ಮೂಲಕ ಉತ್ತರಿಸುವುದನ್ನು ನೀವು ನೋಡಬಹುದು. ಆದರೆ ಎಲ್ಲರೆದುರು ಆಡಿಸಿ ತೋರಿಸೆಂದು ಒತ್ತಾಯಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಚಿಕ್ಕವರಿಗೆ ಕಡ್ಡಿ, ದೊಡ್ಡವರಿಗೆ ಚೀಲ ಎಂದು ಎರಡು ಮೇಜುಗಳಾಗಿ ಮಾಡಿಸುತ್ತೇನೆ. ಮಾಡಿದ ದಿನವೇ ಆಡಬಹುದೇ?

ಉತ್ತರ 1:
ಗ್ಲೂ ಸ್ಟಿಕ್ ಬಳಸಿದರೆ ಅದೇ ದಿನ ಆಡಬಹುದು. ದ್ರವರೂಪದ ಅಂಟು ಹೆಚ್ಚಾದರೆ ಚೀಲ ನೆನೆದು ಬಾಯಿಯ ಮಡಿಕೆ ಹರಿಯುತ್ತದೆ. ನೀರುಬಣ್ಣ ಬೇಕೆಂದಾದರೆ ಚೀಲಕ್ಕೆ ಹಿಂದಿನ ದಿನವೇ ಬಣ್ಣ ಹಚ್ಚಿಸಿ ಒಣಗಲು ಬಿಟ್ಟು, ಕಿವಿ ಮತ್ತು ಸೊಂಡಿಲುಗಳನ್ನು ಮರುದಿನ ಅಂಟಿಸಿ.