ಸಹಾಯ ಬೇಕು: ವ್ಯಾಯಾಮದ ಪ್ರಶ್ನಾವಳಿ

ಎಲ್ಲರಿಗೂ ನಮಸ್ಕಾರ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಿಡುವಿನಲ್ಲಿ ವ್ಯಾಯಾಮ ಮಾಡುವುದೇಕೆ ಎಂಬ ಕಿರು ಅಧ್ಯಯನಕ್ಕೆ ಪ್ರಶ್ನಾವಳಿ ಸಿದ್ಧಪಡಿಸುತ್ತಿದ್ದೇನೆ. ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಅವರ ಸ್ವಯಂ ನಿರ್ಧಾರ ಸಿದ್ಧಾಂತವೇ ಆಧಾರ: ಆಟದ ಖುಷಿಗೆ ಓಡುವವರು ಬೇರೆ, ಕನ್ನಡಿಗೆ ಅಂಜಿ ಓಡುವವರು ಬೇರೆ, ಅಭ್ಯಾಸ ಉಳಿಯುವ ಸಂಭವ ಮೊದಲಿನವರಲ್ಲೇ ಹೆಚ್ಚು.

ತೊಡಕೆಂದರೆ, ಕೇಳಿದವರೆಲ್ಲ ‘ಆರೋಗ್ಯಕ್ಕಾಗಿ’ ಎಂದೇ ಗುರುತು ಹಾಕುತ್ತಾರೆ. ಮೈದಾನದ ಕಡೆ ತಲೆಹಾಕದವರೂ ಕೂಡ! ವಾರಕ್ಕೆ ಕನಿಷ್ಠ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಾಯಿಪಾಠವಾಗಿದೆ, ಅಷ್ಟೆ.

‘ಕಳೆದ ಬಾರಿ ವ್ಯಾಯಾಮಕ್ಕೆ ನಿಮ್ಮನ್ನು ಎಬ್ಬಿಸಿದ್ದು ಯಾರು? ಗೆಳೆಯರೇ, ಗಡಿಯಾರವೇ?’ ಎಂದು ಕೇಳಿದರೆ ನಿಜ ಹೊರಬೀಳಬಹುದೇ? ಸಮೀಕ್ಷೆ ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ. ಪರೀಕ್ಷೆ ಬಂದೊಡನೆ ವ್ಯಾಯಾಮ ಕೈಬಿಟ್ಟ ವಿದ್ಯಾರ್ಥಿಗಳಿದ್ದರೆ, ನಿಮ್ಮ ಮಾತು ಇನ್ನೂ ಮುಖ್ಯ.